ಕೇಸು ಮುಗಿದರೂ ಕಾಗದ ಉಳಿಯುತ್ತದೆ

(ಮಹಾಕೂಟದಲ್ಲಿ ಸೇರಿದ್ದ ಬಾದಾಮಿ, ಹುನಗುಂದ, ಇಳಕಲ್ ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆ ಪುಷ್ಕರಣಿಯಲ್ಲಿ ಕೈಕಾಲು ತೊಳೆದು ನೀವೆಲ್ಲ ಗುಡಿಯ ಸುತ್ತ ಬಂದಿದ್ದೀರಿ. ಮಹಾಕೂಟೇಶ್ವರನ ಗುಡಿಯ ಮುಖಮಂಟಪದ ಕಂಬದ ಮೇಲೆ ಒಂದು ಶಾಸನವಿದೆ. ಚಾಲುಕ್ಯ ದೊರೆ ವಿಜಯಾದಿತ್ಯನ ಕಾಲದ್ದು, ಸುಮಾರು 1300 ವರ್ಷ ಹಳೆಯದು. ವಿನಾಪೋಟಿ ಎಂಬ ಹೆಣ್ಣುಮಗಳು ಈ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಹೊಲ ಕೊಟ್ಟಳೆಂದು ಅದರಲ್ಲಿ ಬರೆದಿದೆ. ಅವಳ ತಾಯಿಯ ಹೆಸರಿದೆ, ಅಜ್ಜಿಯ ಹೆಸರಿದೆ. ಒಳ್ಳೆಯ ಕೆಲಸಕ್ಕಾಗಿ ಹೆಣ್ಣಿನ ಹೆಸರು ಇಷ್ಟು ಕಾಲ ಬರಹದಲ್ಲಿ ಉಳಿದದ್ದು ಅಪರೂಪ. ಇವತ್ತು ನಾನು ಮಾತಾಡಬೇಕಾದದ್ದು ಇನ್ನೊಂದು ಬಗೆಯ ಬರಹದ ಬಗ್ಗೆ. ಅದು ಪೊಲೀಸ್ ಠಾಣೆಯಲ್ಲಿ, ಕೋರ್ಟಿನಲ್ಲಿ ನಮ್ಮ ಹೆಸರಿನ ಮುಂದೆ ಉಳಿಯುವ ಬರಹ.

ಈ ವಿಷಯವನ್ನು ನನಗೆ ಕೊಟ್ಟವರು ನಿಮ್ಮಲ್ಲೇ ಒಬ್ಬರು. ಹಿಂದಿನ ಸಭೆಯಲ್ಲಿ ಎಲ್ಲರೂ ಎದ್ದು ಹೋದ ಮೇಲೆ ಅವರು ಹತ್ತಿರ ಬಂದು ಕೇಳಿದರು: “ಅಕ್ಕೋರ, ಕೇಸ್ ಮುಗದ ಐದ ವರ್ಷ ಆತ್ರಿ. ಸೊಸಿ ಕೂಡ ರಾಜಿ ಆತು, ಆಕಿ ಬ್ಯಾರೆ ಮದುವಿನೂ ಆದ್ಲು. ಈಗ ನಮ್ಮ ಸಣ್ಣ ಮಗನ ನೌಕರಿಗೆ ಪೊಲೀಸ್ರು ಬಂದು ಅದನ್ನ ಕೇಳಾಕತ್ತಾರ. ಮುಗದದ್ದು ಮತ್ಯಾಕ ಬಂತ್ರಿ?”

ಮುಗಿದದ್ದು ಮತ್ತೆ ಏಕೆ ಬರುತ್ತದೆ? ಬಹಳ ಸರಳವಾದ ಪ್ರಶ್ನೆ. ಆದರೆ ಇದರ ಉತ್ತರ ತಿಳಿಯದೆ ನೌಕರಿ ಕಳೆದುಕೊಂಡವರನ್ನು ನಾನು ಬಲ್ಲೆ.

ನಿಮ್ಮ ಸಂಘದ ಸಾಲದ ಪುಸ್ತಕವನ್ನು ನೆನಪು ಮಾಡಿಕೊಳ್ಳಿ. ಒಬ್ಬ ಸದಸ್ಯೆ 10,000 ರೂಪಾಯಿ ಸಾಲ ತೆಗೆದುಕೊಂಡಳು, ಕಂತು ಕಟ್ಟಿದಳು, ಸಾಲ ತೀರಿತು. ಆಗ ನೀವು ಆ ಹಾಳೆಯನ್ನು ಹರಿದು ಒಲೆಗೆ ಹಾಕುತ್ತೀರಾ? ಇಲ್ಲ. ಹೆಸರಿನ ಮುಂದೆ ‘ಸಾಲ ತೀರಿದೆ’ ಎಂದು ಬರೆದು ಸಹಿ ಮಾಡುತ್ತೀರಿ. ಹಾಳೆ ಅಲ್ಲೇ ಇರುತ್ತದೆ. ಆ ‘ತೀರಿದೆ’ ಎಂಬ ಮಾತು ಬರೆಯುವುದು ಮರೆತರೆ, ಹತ್ತು ವರ್ಷದ ನಂತರ ಪುಸ್ತಕ ತೆರೆದವರಿಗೆ ಕಾಣುವುದು ಸಾಲ ಮಾತ್ರ. ನಮ್ಮ ದೇಶದಲ್ಲಿ ಕ್ರಿಮಿನಲ್ ಕೇಸಿನ ಸ್ಥಿತಿಯೂ ಹೀಗೆಯೇ. ಬಿಡುಗಡೆಯಾಯಿತು, ರಾಜಿಯಾಯಿತು ಎಂದ ಮಾತ್ರಕ್ಕೆ ಯಾರೂ ಹಾಳೆ ಹರಿಯುವುದಿಲ್ಲ. ದೊಡ್ಡವರ ಕೇಸುಗಳನ್ನು ತಾನಾಗಿಯೇ ಅಳಿಸಿಹಾಕುವ ಸಾಮಾನ್ಯ ಕಾನೂನು ನಮ್ಮಲ್ಲಿ ಇಲ್ಲ. ‘ತೀರಿದೆ’ ಎಂಬ ಕಾಗದವನ್ನು ನಾವೇ ಪಡೆದು, ನಾವೇ ಕಾಪಾಡಿಕೊಳ್ಳಬೇಕು.

ಒಂದು ದೂರು ಎಷ್ಟು ಕಡೆ ಬರಹವಾಗುತ್ತದೆ ನೋಡಿ. ಠಾಣೆಯಲ್ಲಿ ಎಫ್.ಐ.ಆರ್. ಆಗುತ್ತದೆ. ಅದು ಠಾಣೆಯ ಕಂಪ್ಯೂಟರಿಗೆ ಹೋಗುತ್ತದೆ. ದೇಶದ ಠಾಣೆಗಳನ್ನೆಲ್ಲ ಈಗ ಒಂದೇ ಜಾಲದಲ್ಲಿ ಜೋಡಿಸಿದ್ದಾರೆ. ಎಫ್.ಐ.ಆರ್.ಗಳನ್ನು, ಸೂಕ್ಷ್ಮವಾದವುಗಳನ್ನು ಬಿಟ್ಟು, 24 ಗಂಟೆಯೊಳಗೆ ಪೊಲೀಸರ ಜಾಲತಾಣಕ್ಕೆ ಹಾಕಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಪಾದಿತರಿಗೆ ತಮ್ಮ ಮೇಲೆ ಏನು ಬರೆದಿದೆ ಎಂದು ಬೇಗ ತಿಳಿಯಲಿ ಎಂಬ ಒಳ್ಳೆಯ ಉದ್ದೇಶ ಅದಕ್ಕಿತ್ತು. ಆದರೆ ಆಪಾದಿತರು ನೋಡುವಂಥದ್ದನ್ನು ಬೇರೆಯವರೂ ನೋಡಬಹುದು. ಮುಂದೆ ದೋಷಾರೋಪ ಪಟ್ಟಿ ಕೋರ್ಟಿಗೆ ಹೋಗುತ್ತದೆ. ಕೋರ್ಟಿನ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಕೇಸಿನ ನಂಬರು, ತಾರೀಖು ಸಿಗುತ್ತವೆ. ಬೆಂಗಳೂರಿನ ಕಂಪನಿಗಳು ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಇಂಥ ಹುಡುಕಾಟಕ್ಕೆಂದೇ ಬೇರೆ ಸಂಸ್ಥೆಗಳಿಗೆ ಹಣ ಕೊಡುತ್ತವೆ. ನಮ್ಮ ಕಡೆ ಒಂದೇ ಊರಿನಲ್ಲಿ ಒಂದೇ ಹೆಸರಿನ, ಒಂದೇ ಅಡ್ಡಹೆಸರಿನ ನಾಲ್ಕು ಜನ ಇರುತ್ತಾರೆ. ಯಾರದೋ ಕೇಸು ಯಾರದೋ ತಲೆಗೆ ಬರುವುದೂ ಉಂಟು.

ಸರಕಾರಿ ನೌಕರಿಯಲ್ಲಿ ಇದು ಇನ್ನೂ ಬಿಗಿ. ಆಯ್ಕೆಯಾದ ಮೇಲೆ ಒಂದು ಫಾರ್ಮು ಕೊಡುತ್ತಾರೆ. ನಿಮ್ಮನ್ನು ಎಂದಾದರೂ ಬಂಧಿಸಿದ್ದರೆ? ನಿಮ್ಮ ಮೇಲೆ ಮೊಕದ್ದಮೆ ನಡೆದಿತ್ತೆ? ಶಿಕ್ಷೆಯಾಗಿದೆಯೆ? ಈಗ ಯಾವುದಾದರೂ ಬಾಕಿ ಇದೆಯೆ? ಇದಕ್ಕೆ ಉತ್ತರ ಬರೆದು ಸಹಿ ಮಾಡಬೇಕು. ಆಮೇಲೆ ಪೊಲೀಸರು ತಮ್ಮ ದಾಖಲೆ ನೋಡಿ ವರದಿ ಕಳಿಸುತ್ತಾರೆ. ಎರಡೂ ತಾಳೆಯಾಗದಿದ್ದರೆ ಅಲ್ಲಿಂದ ತೊಂದರೆ ಶುರು.

ಈಗ ನನ್ನ ಕಥೆಯನ್ನೇ ಹೇಳುತ್ತೇನೆ. 1983ರಲ್ಲಿ ನಾನು ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ನಮ್ಮ ಓಣಿಯ ಒಬ್ಬ ಸೊಸೆ ಸುಟ್ಟುಕೊಂಡು ಸತ್ತಳು. ಸ್ಟೋವ್ ಸಿಡಿಯಿತು ಎಂದು ಮನೆಯವರು ಹೇಳಿದರು. ಅವಳು ಸಾಯುವ ಹಿಂದಿನ ವಾರ ತವರಿನಿಂದ ಹಣ ತರಲಿಲ್ಲವೆಂದು ಅವಳಿಗೆ ಉಪವಾಸ ಹಾಕಿದ್ದು ಓಣಿಗೆಲ್ಲ ಗೊತ್ತಿತ್ತು. ಆಗ ಇನ್ನೂ 498-ಎ ಕಲಂ ಬಂದಿರಲಿಲ್ಲ. ಅದು ಬಂದದ್ದು ಆ ವರ್ಷದ ಡಿಸೆಂಬರಿನಲ್ಲಿ. ನಾವು ಏಳು ಜನ ಹೆಂಗಸರು ಠಾಣೆಯ ಮುಂದೆ ಕುಳಿತೆವು. ಸತ್ತವಳ ಗಂಡನ ಮೇಲೆ ಕೇಸಾಗುವ ಮೊದಲು ನಮ್ಮ ಮೇಲೆ ಕೇಸಾಯಿತು. ಅಕ್ರಮ ಕೂಟ, ಸರಕಾರಿ ಕೆಲಸಕ್ಕೆ ಅಡ್ಡಿ. ಎರಡು ವರ್ಷದ ನಂತರ ಸರಕಾರದ ಕಡೆಯಿಂದ ಆ ಕೇಸನ್ನು ಹಿಂತೆಗೆದುಕೊಂಡರು. ನಾವು ಪೇಡೆ ಹಂಚಿ ಮರೆತೆವು.

ನನಗೆ ಉಪನ್ಯಾಸಕಿಯ ಕೆಲಸ ಸಿಕ್ಕಿದಾಗ ಆ ಫಾರ್ಮು ಬಂತು. ಅಪ್ಪ ಹೇಳಿದರು: “ಇಲ್ಲ ಅಂತ ಬರಿ ಮಗಳೆ. ಯಾರ ನೋಡ್ತಾರ? ಮುಗದ ಹೋದದ್ದು.” ನಮ್ಮ ಸೋದರಮಾವ ಕೋರ್ಟಿನಲ್ಲಿ ಗುಮಾಸ್ತರಾಗಿದ್ದರು. ಅವರು ಫಾರ್ಮನ್ನು ಎರಡು ಸಲ ಓದಿ ಹೇಳಿದರು: “ಹೌದು ಅಂತ ಬರಿ. ಆದ್ರ ಅರ್ಧ ಬರೀಬ್ಯಾಡ, ಪೂರಾ ಬರಿ. ಯಾವ ಕೇಸು, ಯಾವ ಕೋರ್ಟು, ಹೆಂಗ ಮುಗೀತು. ಆರ್ಡರಿನ ನಕಲು ಹಚ್ಚು.” ಹಾಗೆಯೇ ಮಾಡಿದೆ. ನನ್ನ ಜೊತೆ ಆಯ್ಕೆಯಾದವರೆಲ್ಲ ಸೇರಿ ಪಾಠ ಶುರು ಮಾಡಿದರು. ನನ್ನ ಆದೇಶ ಎಂಟು ತಿಂಗಳು ತಡವಾಯಿತು. ಆ ಎಂಟು ತಿಂಗಳು ಅವ್ವ ನನ್ನ ಸತ್ಯಕ್ಕೆ ಬಯ್ಯದ ದಿನವಿರಲಿಲ್ಲ. ಕೊನೆಗೆ ಆದೇಶ ಬಂತು. ನಿವೃತ್ತಿಯಾಗುವವರೆಗೆ ಆ ಕೇಸನ್ನು ಯಾರೂ ಮತ್ತೆ ಕೇಳಲಿಲ್ಲ.

ನಮ್ಮ ಏಳು ಜನರಲ್ಲಿ ಇನ್ನೊಬ್ಬಳಿಗೆ ಆಸ್ಪತ್ರೆಯ ಕೆಲಸ ಸಿಕ್ಕಿತ್ತು. ನನಗಿಂತ ಬಡವಳು, ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಅವಳು ‘ಇಲ್ಲ’ ಎಂದು ಬರೆದಳು. ಒಂದು ವರ್ಷ ಕೆಲಸ ಮಾಡಿದ ಮೇಲೆ ಪೊಲೀಸ್ ವರದಿ ಬಂತು, ಅವಳನ್ನು ತೆಗೆದುಹಾಕಿದರು. ಕೇಸಿಗಾಗಿ ಅಲ್ಲ, ಸುಳ್ಳು ಬರೆದದ್ದಕ್ಕಾಗಿ. ಇಬ್ಬರ ಮೇಲೂ ಇದ್ದದ್ದು ಅದೇ ಕೇಸು. ನಮ್ಮ ಮಾವ ಹೇಳಿದ ಮಾತನ್ನು ನಾನು ಓಣಿ ದಾಟಿ ಹೋಗಿ ಅವಳಿಗೆ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನ್ನ ಕೆಲಸದ ಚಿಂತೆಯಲ್ಲಿ ನನಗೆ ಅವಳ ನೆನಪೇ ಆಗಲಿಲ್ಲ. ಈಗ ಊರೂರಿಗೆ ಹೋಗಿ ಈ ಮಾತು ಹೇಳುವುದು ಆ ಋಣಕ್ಕೆ.

ಕೇಸು ‘ಮುಗಿಯಿತು’ ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಆದರೆ ಮುಗಿಯುವುದರಲ್ಲಿ ಹಲವು ಬಗೆಗಳಿವೆ. ಪೊಲೀಸರು ತನಿಖೆ ಮಾಡಿ ಸಾಕ್ಷ್ಯವಿಲ್ಲವೆಂದು ‘ಬಿ’ ರಿಪೋರ್ಟ್ ಹಾಕಬಹುದು. ವಿಚಾರಣೆ ನಡೆದು ಬಿಡುಗಡೆಯಾಗಬಹುದು. ಸಣ್ಣ ಹೊಡೆದಾಟದ ಕೇಸುಗಳಲ್ಲಿ ಕೋರ್ಟಿನಲ್ಲೇ ರಾಜಿಯಾಗಬಹುದು. 498-ಎ ಕೇಸು ಹಾಗಲ್ಲ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಂ ಆಗಿದೆ. ಕರ್ನಾಟಕದಲ್ಲಿ ಅದನ್ನು ಕೆಳಗಿನ ಕೋರ್ಟಿನಲ್ಲಿ ರಾಜಿ ಮಾಡಿಕೊಂಡು ಮುಗಿಸಲು ಬರುವುದಿಲ್ಲ. ಎರಡೂ ಕಡೆಯವರು ಒಪ್ಪಿದ್ದರೆ ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಹೀಗೆ ರದ್ದು ಮಾಡಲು ಹೈಕೋರ್ಟಿಗೆ ಅಧಿಕಾರ ಇದೆಯೆಂದು ಸುಪ್ರೀಂ ಕೋರ್ಟು 2003ರಲ್ಲಿ ಹೇಳಿತು. ಮೊದಲು ಇದಕ್ಕೆ ನಾವು ಬೆಂಗಳೂರಿಗೇ ಹೋಗಬೇಕಿತ್ತು. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಬಾಗಲಕೋಟೆ ಜಿಲ್ಲೆಯ ಕೇಸುಗಳು ಈಗ ಅಲ್ಲಿಗೇ ಹೋಗುತ್ತವೆ.

ಹಿರಿಯರು ಕೂತು ಪಂಚಾಯಿತಿ ಮಾಡಿ, ನೂರು ರೂಪಾಯಿ ಬಾಂಡಿನ ಮೇಲೆ ‘ನಮ್ಮದು ಮುಗಿಯಿತು’ ಎಂದು ಬರೆಸಿದರೆ ಊರಿನ ಮಟ್ಟಿಗೆ ಜಗಳ ಮುಗಿದಿರಬಹುದು. ಕೋರ್ಟಿನ ಮಟ್ಟಿಗೆ ಕೇಸು ಜೀವಂತವಾಗಿಯೇ ಇರುತ್ತದೆ. ಆ ತಾಯಿಯ ಕೇಸಿನಲ್ಲಿ ಆದದ್ದು ಇದೇ. ರಾಜಿಯಾಗಿತ್ತು, ಹೈಕೋರ್ಟಿಗೆ ಯಾರೂ ಹೋಗಿರಲಿಲ್ಲ. ಸಣ್ಣ ಮಗನ ಹೆಸರೂ ಅದರಲ್ಲಿತ್ತು. ಐದು ವರ್ಷದಿಂದ ಕೇಸು ‘ಬಾಕಿ’ ಎಂದೇ ಇತ್ತು.

ಇನ್ನೊಂದು ಬಹಳ ಮುಖ್ಯವಾದ ಮಾತು. “ಏನಿಲ್ರಿ, ಕೋರ್ಟಿಗೆ ಹೋಗಿ ದಂಡ ಕಟ್ಟಿ ಮುಗಿಸಿ ಬಂದ್ವಿ” ಎನ್ನುತ್ತಾರೆ. ಇಸ್ಪೀಟು, ಮಟಕಾ, ಬೇಲಿಯ ಜಗಳ, ಎಲ್ಲಕ್ಕೂ ಇದೇ ಉಪಾಯ. ದಿನಗೂಲಿ ಬಿಟ್ಟು ಹತ್ತು ಸಲ ಬಾಗಲಕೋಟೆಗೆ ಅಲೆಯುವುದಕ್ಕಿಂತ ಐನೂರು ರೂಪಾಯಿ ಕಟ್ಟುವುದು ಸುಲಭ ನಿಜ. ಆದರೆ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ದಂಡ ಕಟ್ಟುವುದೆಂದರೆ ಶಿಕ್ಷೆಯಾದ ಹಾಗೆ. ದಂಡವೂ ಶಿಕ್ಷೆಯೇ. ಮುಂದೆ ‘ಶಿಕ್ಷೆಯಾಗಿದೆಯೆ’ ಎಂದು ಕೇಳಿದಾಗ ‘ಹೌದು’ ಎಂದೇ ಬರೆಯಬೇಕಾಗುತ್ತದೆ. ಆದ್ದರಿಂದ ಒಪ್ಪಿಕೊಳ್ಳುವ ಮೊದಲು ಒಬ್ಬ ವಕೀಲರನ್ನು ಕೇಳಿ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಎಂದು ಒಂದಿದೆ. ಮೊದಲ ಸಲ ತಪ್ಪು ಮಾಡಿದವರನ್ನು, ವಯಸ್ಸು ನಡತೆ ನೋಡಿ, ಎಚ್ಚರಿಕೆ ಕೊಟ್ಟು ಅಥವಾ ಒಳ್ಳೆಯ ನಡತೆಯ ಮುಚ್ಚಳಿಕೆಯ ಮೇಲೆ ಬಿಡಲು ಅದರಲ್ಲಿ ಅವಕಾಶವಿದೆ. ಹಾಗೆ ಬಿಟ್ಟವರಿಗೆ ಶಿಕ್ಷೆಯ ಕಾರಣದಿಂದ ಬರುವ ಅನರ್ಹತೆ ತಟ್ಟುವುದಿಲ್ಲ ಎಂದು ಅದರ 12ನೆಯ ಕಲಂ ಹೇಳುತ್ತದೆ. ಆದರೂ ತಪ್ಪು ಮಾಡಿದ್ದು ರುಜುವಾತಾಯಿತು ಎಂಬುದು ಅಳಿಸಿಹೋಗುವುದಿಲ್ಲ, ಅದನ್ನೂ ತಿಳಿದಿರಿ.

ಹಾಗಾದರೆ ನೌಕರಿ ಕೊಡುವವರು ಇದನ್ನೆಲ್ಲ ಹೇಗೆ ನೋಡಬೇಕು? 2011ರಲ್ಲಿ ದೆಹಲಿ ಪೊಲೀಸ್ ಇಲಾಖೆಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹುಡುಗನೊಬ್ಬ ಇಪ್ಪತ್ತರ ವಯಸ್ಸಿನಲ್ಲಿ ಜಗಳದ ಕೇಸಿನಲ್ಲಿ ಸಿಕ್ಕಿದ್ದ. ರಾಜಿಯಾಗಿ ಬಿಡುಗಡೆಯಾಗಿತ್ತು. ಅರ್ಜಿಯಲ್ಲಿ ಅದನ್ನು ಬರೆಯಲಿಲ್ಲ, ಬರೆದರೆ ಕೆಲಸ ಸಿಗುವುದಿಲ್ಲವೆಂದು ಹೆದರಿದ. ಹುಡುಗರು ತಪ್ಪು ಮಾಡುತ್ತಾರೆ, ಅದಕ್ಕಾಗಿ ಜೀವನವಿಡೀ ಅವರಿಗೆ ಅಪರಾಧಿ ಎಂಬ ಹಣೆಪಟ್ಟಿ ಹಚ್ಚಬಾರದು ಎಂದು ನ್ಯಾಯಾಲಯ ಅವನ ಪರವಾಗಿ ನಿಂತಿತು. ತೀರ್ಪಿನಲ್ಲಿ ವಿಕ್ಟರ್ ಹ್ಯೂಗೋ ಬರೆದ ಫ್ರೆಂಚ್ ಕಾದಂಬರಿಯ ಜೀನ್ ವಾಲ್ಜೀನನನ್ನು ನೆನೆದರು. ಹಸಿದ ಮಕ್ಕಳಿಗಾಗಿ ಒಂದು ರೊಟ್ಟಿ ಕದ್ದು ಬಾಳೆಲ್ಲ ಕಳ್ಳನೆನಿಸಿಕೊಂಡವನು ಅವನು.

ಎಲ್ಲ ಪ್ರಕರಣಗಳಲ್ಲೂ ಹೀಗೇ ಆಗಲಿಲ್ಲ. ಒಂದೊಂದು ಪೀಠ ಒಂದೊಂದು ರೀತಿ ಹೇಳತೊಡಗಿದಾಗ 2016ರ ಜುಲೈ 21ರಂದು ಮೂವರು ನ್ಯಾಯಮೂರ್ತಿಗಳು ಅವತಾರ್ ಸಿಂಗ್ ಪ್ರಕರಣದಲ್ಲಿ ನಿಯಮಗಳನ್ನು ಹಾಕಿಕೊಟ್ಟರು. ನಮಗೆ ಬೇಕಾದಷ್ಟನ್ನು ಹೇಳುತ್ತೇನೆ. ಫಾರ್ಮಿನಲ್ಲಿ ಕೊಡುವ ಮಾಹಿತಿ ನಿಜವಿರಬೇಕು, ಏನನ್ನೂ ಮುಚ್ಚಿಡಬಾರದು. ಆದರೆ ಮುಚ್ಚಿಟ್ಟದ್ದು ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸಾಗಿದ್ದರೆ ನೌಕರಿ ಕೊಡುವವರು ಅದನ್ನು ಮನ್ನಿಸಬಹುದು. ಫಾರ್ಮಿನಲ್ಲಿ ಸ್ಪಷ್ಟವಾಗಿ ಕೇಳದೆ ಇದ್ದದ್ದನ್ನು ಹೇಳಲಿಲ್ಲವೆಂದು ಶಿಕ್ಷಿಸಬಾರದು. ಕೇಸು ಇದೆಯೆಂದೇ ಗೊತ್ತಿಲ್ಲದವರನ್ನು ಸುಳ್ಳು ಹೇಳಿದರೆಂದು ಹಿಡಿಯಬಾರದು. ಕೆಲಸ ಕಾಯಂ ಆದವರನ್ನು ತೆಗೆಯಬೇಕಾದರೆ ಮೊದಲು ಇಲಾಖಾ ವಿಚಾರಣೆ ನಡೆಸಬೇಕು. ಇದರ ಜೊತೆಗೆ ಕಹಿಯಾದ ಒಂದು ಮಾತೂ ಇದೆ. ನೀವು ನಿಜವನ್ನೇ ಬರೆದಿದ್ದರೂ, ಕೇಸು ಮುಗಿದಿದ್ದರೂ, ನಿಮ್ಮನ್ನು ತೆಗೆದುಕೊಳ್ಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಪೊಲೀಸ್, ಸೈನ್ಯದಂಥ ಕೆಲಸಗಳಲ್ಲಿ ಬಿಡುಗಡೆ ಹೇಗಾಯಿತು ಎಂಬುದನ್ನೂ ನೋಡುತ್ತಾರೆ. ಸತ್ಯ ಬರೆದರೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಸುಳ್ಳು ಬರೆದರೆ ಸಿಕ್ಕ ಕೆಲಸವೂ ಉಳಿಯದು ಎಂದು ಮಾತ್ರ ಹೇಳಬಲ್ಲೆ.

ಮಕ್ಕಳ ವಿಷಯ ಪೂರ್ತಿ ಬೇರೆ. ಇಲ್ಲಿ ಕಾನೂನು ನಿಜವಾಗಿಯೂ ಹಾಳೆ ಹರಿಯುತ್ತದೆ. ಬನಶಂಕರಿ ಜಾತ್ರೆಯಲ್ಲಿ 16 ವರ್ಷದ ಹುಡುಗರು ಹೊಡೆದಾಡಿದರು ಅನ್ನಿ. 18 ತುಂಬದವರ ಕೇಸು ಬಾಲನ್ಯಾಯ ಮಂಡಳಿಗೆ ಹೋಗಬೇಕು. 2015ರ ಬಾಲನ್ಯಾಯ ಕಾಯ್ದೆಯ 24ನೆಯ ಕಲಂ ಪ್ರಕಾರ ಅಲ್ಲಿ ತಪ್ಪು ಸಾಬೀತಾದರೂ ಅದರಿಂದ ಮುಂದೆ ಯಾವ ಅನರ್ಹತೆಯೂ ಬರುವುದಿಲ್ಲ. ಅಪೀಲಿನ ಅವಧಿ, ನಿಯಮದಲ್ಲಿ ಹೇಳಿದ ಕಾಲ ಮುಗಿದ ಮೇಲೆ ದಾಖಲೆಯನ್ನು ನಾಶ ಮಾಡಲು ಮಂಡಳಿಯೇ ಆದೇಶಿಸಬೇಕು. ಮುಗಿದ ಕೇಸಿನ ವಿಷಯವನ್ನು ಪೊಲೀಸರು ನಡತೆ ಪ್ರಮಾಣ ಪತ್ರಕ್ಕಾಗಿಯೂ ಹೊರಗೆ ಹೇಳಬಾರದು ಎಂದು 74ನೆಯ ಕಲಂ ಹೇಳುತ್ತದೆ. 16 ದಾಟಿದವರು ಏಳು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಿರುವ ಘೋರ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯವು ಅವರನ್ನು ದೊಡ್ಡವರಂತೆಯೇ ವಿಚಾರಿಸಿದ್ದರೆ ಮಾತ್ರ ಈ ರಕ್ಷಣೆ ಇಲ್ಲ. ಬಾಲಕನಾಗಿದ್ದಾಗಿನ ಕೇಸನ್ನು ಹೇಳಲಿಲ್ಲವೆಂದು ಕೇಂದ್ರ ಪೊಲೀಸ್ ಪಡೆಯ ಕೆಲಸ ತಪ್ಪಿಸಿದ್ದು ಸರಿಯಲ್ಲವೆಂದು ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪು ಕೊಟ್ಟಿದೆ.

ಆದರೆ ನಮ್ಮ ಕಡೆ ಏನಾಗುತ್ತದೆ? ಹುಡುಗ ದಪ್ಪಗಿದ್ದಾನೆ, ಮೀಸೆ ಬಂದಿದೆ, 19 ಎಂದು ಬರೆಯುತ್ತಾರೆ. ಮನೆಯವರು ಶಾಲೆಯ ದಾಖಲೆ ತೋರಿಸುವುದಿಲ್ಲ. ದೊಡ್ಡವರ ಕೋರ್ಟಿನಲ್ಲಿ ದಂಡ ಕಟ್ಟಿ ಬರುತ್ತಾರೆ. ಅಳಿಸಬಹುದಾಗಿದ್ದ ದಾಖಲೆ ಹೀಗೆ ಅಳಿಸಲಾಗದ್ದಾಗುತ್ತದೆ. ತಾಯಂದಿರೆ, ಮಗನನ್ನು ಠಾಣೆಗೆ ಕರೆದೊಯ್ದರೆಂದು ಕೇಳಿದ ಕೂಡಲೇ ಮೊದಲು ಅವನ ಶಾಲೆಯ ಜನ್ಮದಿನಾಂಕದ ಪತ್ರ ಹುಡುಕಿ.

ಬೇರೆ ದೇಶಗಳಲ್ಲಿ ದೊಡ್ಡವರಿಗೂ ಇಂಥ ದಾರಿಗಳಿವೆ. ಇಂಗ್ಲೆಂಡಿನಲ್ಲಿ 1974ರಲ್ಲೇ ಕಾನೂನು ಮಾಡಿದರು. ಶಿಕ್ಷೆ ಅನುಭವಿಸಿ, ಗೊತ್ತಾದಷ್ಟು ವರ್ಷ ಮತ್ತೆ ತಪ್ಪು ಮಾಡದೆ ಇದ್ದರೆ, ಬಹಳಷ್ಟು ಕೆಲಸಗಳಿಗೆ ಆ ಹಳೆಯ ಶಿಕ್ಷೆಯನ್ನು ಹೇಳಬೇಕಾಗಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 2018ರಲ್ಲಿ ಹಳೆಯ ಸಣ್ಣ ಕೇಸುಗಳ ದಾಖಲೆ ತಾನಾಗಿಯೇ ಮುಚ್ಚಿಹೋಗುವಂತೆ ಕಾನೂನು ತಂದಿತು. ಅಲ್ಲಿಯೂ ಒಂದು ತೊಡಕಿದೆ. ಕೋರ್ಟು ಅಳಿಸಿದರೂ, ಮೊದಲೇ ನಕಲು ತೆಗೆದಿಟ್ಟುಕೊಂಡ ಖಾಸಗಿ ಕಂಪನಿಗಳ ಪುಸ್ತಕದಲ್ಲಿ ಹೆಸರು ಉಳಿದುಬಿಡುತ್ತದೆ.

ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ 2017ರ ಜನವರಿಯಲ್ಲಿ ಒಬ್ಬ ತಂದೆ ಒಂದು ಬೇಡಿಕೆ ಇಟ್ಟರು. ಮಗಳ ಮದುವೆಯ ವಿವಾದದ ಕೇಸು ಮುಗಿದಿದೆ, ಆದರೆ ಅವಳ ಹೆಸರು ಹಾಕಿ ಹುಡುಕಿದರೆ ಕೋರ್ಟಿನ ಆದೇಶ ಎದ್ದು ಬರುತ್ತದೆ, ಅವಳ ಬಾಳಿಗೆ ತೊಂದರೆ ಎಂದು. ಸಾರ್ವಜನಿಕ ಹುಡುಕಾಟದಲ್ಲಿ ಅವಳ ಹೆಸರು ಕಾಣದಂತೆ ನೋಡಿಕೊಳ್ಳಲು ಹೈಕೋರ್ಟು ತನ್ನ ಕಚೇರಿಗೆ ಹೇಳಿತು. ಅದೇ ವರ್ಷದ ಆಗಸ್ಟಿನಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ, ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು ಸಾರಿತು. ಬಾಗಿಲು ಸ್ವಲ್ಪ ತೆರೆದಿದೆ ಅಷ್ಟೆ.

ಈಗ ನಮ್ಮ ಮನೆಯೊಳಗಿನ ಮಾತಿಗೆ ಬರೋಣ. ಹೊಡೆತ ತಿಂದ ಹೆಣ್ಣುಮಗಳು ದೂರು ಕೊಡಲು ಹೊರಟರೆ ಎಲ್ಲರೂ ಹೇಳುವುದು ಒಂದೇ: “ಕೇಸ್ ಹಾಕಬ್ಯಾಡವ್ವ, ಅವನ ನೌಕರಿ ಹೋಗತೈತಿ, ಅವನ ತಮ್ಮಗ ನೌಕರಿ ಸಿಗೂದಿಲ್ಲ.” ನಾನು ಇಷ್ಟು ಹೊತ್ತು ಹೇಳಿದ್ದನ್ನು ಈ ಮಾತಿಗೆ ಬೆಂಬಲವಾಗಿ ಯಾರೂ ಬಳಸಬಾರದು. ನೌಕರಿಯ ಚಿಂತೆ ಹೊಡೆಯುವವನಿಗೆ ಕೈ ಎತ್ತುವ ಮೊದಲು ಇರಬೇಕು. ಅದನ್ನು ಹೊಡೆತ ತಿಂದವಳ ತಲೆಯ ಮೇಲೆ ಹಾಕುವುದು ಎರಡನೆಯ ಹೊಡೆತ.

ಕೂಡಲೇ ಬೇಕಾದದ್ದು ರಕ್ಷಣೆ, ಇರಲು ಮನೆ, ಉಣ್ಣಲು ಹಣ ಎಂದಾದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಿದೆ. ಅದರ 12ನೆಯ ಕಲಂ ಪ್ರಕಾರ ಹಾಕುವ ಅರ್ಜಿ ಪರಿಹಾರಕ್ಕಾಗಿ ಇರುವುದು. ಅದಕ್ಕೆ ಉತ್ತರ ಕೊಡುವವರು ಆರೋಪಿಗಳಲ್ಲ. ಕೋರ್ಟಿನ ರಕ್ಷಣಾ ಆದೇಶವನ್ನು ಮೀರಿದರೆ ಮಾತ್ರ ಅದು ಅಪರಾಧವಾಗುತ್ತದೆ. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದರ ಸಂರಕ್ಷಣಾಧಿಕಾರಿಗಳು. ಅಂಗನವಾಡಿಯ ಕೆಲಸಕ್ಕೆ ಆ ಕಚೇರಿಯ ಮೆಟ್ಟಿಲು ಹತ್ತಿದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಇದಕ್ಕೂ ಹತ್ತಿರಿ. ಅಪರಾಧ ನಡೆದಿದ್ದರೆ ಪೊಲೀಸ್ ದೂರನ್ನೂ ಕೊಡಿ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ದೂರು ಬರೆಸುವಾಗ ಮಾತ್ರ ಎಚ್ಚರವಿರಲಿ. ಯಾರು, ಯಾವಾಗ, ಏನು ಮಾಡಿದರು ಎಂದು ಬರೆಸಿ. ಅತ್ತೆ ಹೊಡೆದಿದ್ದರೆ ಅತ್ತೆಯ ಹೆಸರು ಬರೆಸಿ, ಅಂಜಬೇಡಿ. ಆದರೆ ಸಿಟ್ಟಿನಲ್ಲಿ ರೇಷನ್ ಕಾರ್ಡಿನಲ್ಲಿದ್ದವರ ಹೆಸರನ್ನೆಲ್ಲ ಬರೆಸಬೇಡಿ. ಇಳಕಲ್ಲಿನಲ್ಲಿ ಕಾಲೇಜು ಓದುತ್ತಿರುವ ನಾದಿನಿ ಏನೂ ಮಾಡಿರದಿದ್ದರೆ ಅವಳೂ ನಾಳೆ ಅದೇ ಫಾರ್ಮು ತುಂಬಬೇಕಾದ ಹೆಣ್ಣುಮಗಳು. ಬಿಡಿಬಿಡಿಯಾಗಿ ಏನನ್ನೂ ಹೇಳದೆ ಗಂಡನ ಕಡೆಯವರನ್ನೆಲ್ಲ ಸೇರಿಸಿದ ದೂರು ನಿಲ್ಲುವುದಿಲ್ಲವೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೆಸರು ಹೆಚ್ಚಾದಷ್ಟು ನಮ್ಮ ನಿಜವಾದ ದೂರು ತೆಳ್ಳಗಾಗುತ್ತದೆ.

ಇದರ ಇನ್ನೊಂದು ಮಗ್ಗುಲು ನೋಡಿ. ಹೆಂಡತಿ ದೂರು ಕೊಟ್ಟ ಮರುದಿನ ಗಂಡನ ಕಡೆಯವರು ‘ಬಂಗಾರ ಕದ್ದುಕೊಂಡು ಹೋದಳು’, ‘ಅವಳ ಅಣ್ಣ ಬಂದು ಹೊಡೆದ’ ಎಂದು ಎದುರು ಕೇಸು ಹಾಕುತ್ತಾರೆ. ತವರಿಗೆ ಬಂದು ಸ್ವಂತ ಕಾಲ ಮೇಲೆ ನಿಲ್ಲಲು ಅವಳು ಕೆಲಸ ಹುಡುಕಿದಾಗ ಪೊಲೀಸ್ ವರದಿಯಲ್ಲಿ ಅವಳೇ ಆರೋಪಿ. ಆದ್ದರಿಂದ ರಾಜಿಯ ಮಾತು ಬಂದಾಗ ಹಣ, ಬಂಗಾರ, ಮಕ್ಕಳು ಇಷ್ಟಕ್ಕೇ ನಿಲ್ಲಬೇಡಿ. ಎರಡೂ ಕಡೆಯ ಎಲ್ಲ ಕೇಸುಗಳ ನಂಬರು ಬರೆಸಿ. ಯಾವುದನ್ನು ಯಾವ ಕೋರ್ಟಿನಲ್ಲಿ, ಯಾರ ಖರ್ಚಿನಲ್ಲಿ ಮುಗಿಸಬೇಕೆಂದು ಬರೆಸಿ. ಅವಳ ಮೇಲಿನ ಕೇಸು ಕೋರ್ಟಿನಲ್ಲಿ ಮುಗಿದ ಕಾಗದ ಕೈಗೆ ಬರುವವರೆಗೆ ರಾಜಿ ಪೂರ್ತಿಯಾಗಿಲ್ಲ ಎಂದೇ ತಿಳಿಯಿರಿ.

ಕೆಲವು ಕೆಲಸಗಳನ್ನು ಸಂಘವೇ ಮಾಡಬಹುದು. ಕೇಸು ಮುಗಿದ ಕೂಡಲೇ ಕೋರ್ಟಿನಿಂದ ಆದೇಶದ ದೃಢೀಕೃತ ನಕಲನ್ನು ಎರಡು ಪ್ರತಿ ತೆಗೆದುಕೊಳ್ಳಬೇಕು. ಒಂದನ್ನು ಠಾಣೆಗೆ ಕೊಟ್ಟು, ನಿಮ್ಮ ದಾಖಲೆಯಲ್ಲಿ ಇದನ್ನು ಸೇರಿಸಿರಿ ಎಂದು ಅರ್ಜಿ ಬರೆದು, ಮುಟ್ಟಿದ್ದಕ್ಕೆ ಸಹಿ ಪಡೆಯಬೇಕು. ಇನ್ನೊಂದನ್ನು ಬ್ಯಾಂಕಿನ ಪಾಸ್‌ಬುಕ್ ಇಡುವಲ್ಲಿ ಇಡಬೇಕು. ಫಾರ್ಮು ತುಂಬುವಾಗ ಪ್ರಶ್ನೆಯನ್ನು ಒಂದೊಂದು ಮಾತು ಬಿಡದೆ ಓದಬೇಕು; ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡಬೇಕು. ಬೇರೆಯವರ ಕೇಸು ನಮ್ಮ ಹೆಸರಿಗೆ ಬಂದಿದ್ದರೆ ತಂದೆಯ ಹೆಸರು, ವಯಸ್ಸು, ವಿಳಾಸದ ದಾಖಲೆ ಕೊಟ್ಟು ಬರಹದಲ್ಲೇ ತಿದ್ದಿಸಬೇಕು. ವಕೀಲರಿಗೆ ಹಣವಿಲ್ಲವೆಂದು ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿಯನ್ನು ಕೇಳಿ. 15100ಕ್ಕೆ ಫೋನು ಮಾಡಿದರೂ ಆಗುತ್ತದೆ. ಮನೆಯಲ್ಲಿ ಹಿಂಸೆಯಿದ್ದರೆ 181.

ಕೊನೆಯದಾಗಿ ಒಂದು ಮಾತು, ಇದು ನಮಗೇ ಹೇಳಿಕೊಳ್ಳಬೇಕಾದದ್ದು. ಬ್ರಿಟಿಷರು 1871ರಲ್ಲಿ ಒಂದು ಕಾನೂನು ಮಾಡಿ ಕೆಲವು ಜಾತಿಗಳನ್ನೇ ‘ಅಪರಾಧಿ’ ಎಂದು ಬರೆದರು. ತಪ್ಪು ಮಾಡುವ ಮೊದಲೇ, ಹುಟ್ಟುವಾಗಲೇ ದಾಖಲೆ. ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲಮೆಂಟ್’ ಎಂದು ಇಂದಿಗೂ ಕರೆಯುವ ಓಣಿಗಳು ಆ ಜನರನ್ನು ತಂತಿಬೇಲಿಯೊಳಗೆ ಇಟ್ಟ ಜಾಗಗಳು. 1952ರಲ್ಲಿ ಆ ಕಾನೂನು ಹೋಯಿತು. ಆದರೆ ಹರಣಶಿಕಾರಿ, ಘಂಟಿಚೋರರ ಹುಡುಗ ಕೆಲಸ ಕೇಳಿ ಬಂದರೆ ನಮ್ಮ ಕಣ್ಣು ಇಂದಿಗೂ ಮೊದಲು ನೋಡುವುದು ಆ ಹಳೆಯ ಪುಸ್ತಕವನ್ನೇ.

ನಮ್ಮ ಸಂಘದಲ್ಲೂ ಹೀಗೆಯೇ ನಡೆಯುತ್ತದೆ. “ಆಕಿ ಮ್ಯಾಲೆ ಕೇಸ್ ಐತಿ, ಆಕೀನ್ನ ಸಂಘಕ್ಕ ಸೇರಿಸೂದ ಬ್ಯಾಡ” ಎಂದ ಮಾತು ನಾನು ಒಂದಲ್ಲ ಹತ್ತು ಕಡೆ ಕೇಳಿದ್ದೇನೆ. ಏನು ಕೇಸು, ಹೇಗೆ ಮುಗಿಯಿತು ಎಂದು ಒಬ್ಬರೂ ಕೇಳುವುದಿಲ್ಲ. ಕಂಪನಿಯವರು, ಸರಕಾರದವರು ಪೂರ್ತಿ ಓದಲಿ ಎಂದು ಬಯಸುವ ನಾವು, ನಮ್ಮ ಓಣಿಯವಳ ಹಾಳೆಯನ್ನು ಅರ್ಧಕ್ಕೇ ಓದಿ ಮುಚ್ಚುತ್ತೇವೆ. ಮುಂದಿನ ವಾರದ ಸಭೆಯಲ್ಲಿ, ಹೀಗೆ ದೂರ ಇಟ್ಟವಳು ಯಾರಾದರೂ ನಿಮ್ಮ ಊರಿನಲ್ಲಿದ್ದರೆ, ಇಬ್ಬರು ಅವಳ ಮನೆಗೆ ಹೋಗಿ. ಕೇಸಿನ ಕಾಗದ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಅವಳ ಜೊತೆ ಬಾದಾಮಿಯ ಕೋರ್ಟಿಗೋ ಹುನಗುಂದದ ಕೋರ್ಟಿಗೋ ಹೋಗಿ ತೆಗೆಸಿಕೊಡಿ. ಬಸ್ಸಿನ ಖರ್ಚನ್ನು ಸಂಘದಿಂದ ಹಾಕಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ನಾನು 1986ರಲ್ಲಿ ಓಣಿ ದಾಟಲಿಲ್ಲ. ನೀವು ದಾಟಿ.